ಹಳೆ ಕಾರು ಹೇಳಿ ಕೆಮಿ ಮುಚ್ಚೆಡಿ

"ಹಳೆ ಕಾರು ಅಲ್ಲದೋ, ಸದ್ದು ಇಪ್ಪದೇ" ಹೇಳುವ ಮಾತು ಕೇಳಿರೆ ಎನಗೀಗ ಮೈ ಉರಿತ್ತು. ಎಂಗಳ ಮನೆಲಿ ಆ ಒಂದು ಮಾತಿಂಗೆ ಎಂಟು ಸಾವಿರ ರೂಪಾಯಿ ದಂಡ ಆಯಿದು. ಅದಕ್ಕಿಂತ ದೊಡ್ಡದು ಆಗದ್ದೆ ಒಳುದ್ದು ಪುಣ್ಯ. ಓ ಮನ್ನೆ ಪೂಜೆ ಊಟಕ್ಕೆ ಹೋಗಿಪ್ಪಗ ಇದರ ಹೇಳ್ಲೆ ಹೆರಟೆ. "ಅದೆಲ್ಲ ಗೆಂಡುಮಕ್ಕೊ ನೋಡಿಗೊಂಬ ವಿಷಯ, ನಿನಗೆಂತಕೆ?" ಹೇಳಿ ಅತ್ತಿಗೆ ಕೇಳಿದವು. ಬಾಳೆ ಎದುರು ಕೂದು ಚರ್ಚೆ ಬೇಡ ಹೇಳಿ ಸುಮ್ಮನಾದೆ. ಎಂತಕೆ ಹೇಳಿ ಇಲ್ಲಿ ಬರೆತ್ತೆ.

ಎಂಗಳದ್ದು 2007ರ ಸಣ್ಣ ಕಾರು. ಡಾಮರು ಮಾರ್ಗಂದ ಜಾಲಿಂಗೆ ಬಪ್ಪಲೆ ಒಂದು ಮೈಲು ಮಣ್ಣಿನ ದಾರಿ, ಬರೀ ಕಲ್ಲು. ಕಳುದ ದೀಪಾವಳಿ ಆದ ಮೇಲೆ ಮುಂದಾಣ ಎಡತ್ತು ಚಕ್ರದ ಹತ್ತರೆ "ಟಕ್, ಟಕ್" ಹೇಳಿ ಸದ್ದು ಸುರುವಾತು. ಎನಗೆ ಕೇಳ್ತು, ಇವಕ್ಕೆ ಕೇಳ್ತಿಲ್ಲೆ. ಕೇಳುದಾದರೂ ಹೇಂಗೆ? ಇವು ಕೂಬದು ಬಲತ್ತಿಲ್ಲಿ. ಆನು ಕೂಬದು ಎಡತ್ತಿಲ್ಲಿ, ಚಕ್ರ ಎನ್ನ ಕಾಲ ಬುಡಲ್ಲೇ. ನಮ್ಮ ಊರಿನ ಸಪೂರ ಮಾರ್ಗಲ್ಲಿ ಎದುರಂದ ಬಸ್ಸು ಬಂದರೆ ಡಾಮರಿಂದ ಕೆಳ ಇಳಿವದೂ ಎಡತ್ತು ಚಕ್ರವೇ. ಪೆಟ್ಟು ತಿಂಬದು ಅದು, ಕೇಳುದು ಆನು. ಇಷ್ಟಾದರೂ "ನಿನಗೆ ಭ್ರಮೆ" ಹೇಳಿದವು.

ಎರಡು ತಿಂಗಳು ಕಳುದು ಗೇರೇಜಿಂಗೆ ತೆಕ್ಕೊಂಡು ಹೋದವು. ಗೇರೇಜಿನವ ಕಾರಿನ ಮೂಲೆಯ ಒಂದರಿ ಕೈಲಿ ಒತ್ತಿದ, "ಶಾಕ್ ಅಬ್ಸಾರ್ಬರು ಹೋಗಿದೆ, ಎರಡೂ ಹಾಕ್ಬೇಕು" ಹೇಳಿದ. 6,200 ರೂಪಾಯಿ. ಮನಗೆ ಬಪ್ಪಗ ಅದೇ ಟಕ್ ಟಕ್. ಮತ್ತೆ ವೀಲ್ ಎಲೈನ್‌ಮೆಂಟು, ಬೇಲೆನ್ಸಿಂಗು, ಎರಡು ಸರ್ತಿ, 900ರ ಹಾಂಗೆ. ಸದ್ದು ಅಲ್ಲೇ. ಅಕೇರಿಗೆ ಪುನಾ ಹೋಗಿ ಕೇಳಿದ್ದಕ್ಕೆ "ಹಳೆ ಕಾರಲ್ವಾ ಅಣ್ಣ, ಇಷ್ಟು ಸೌಂಡ್ ಇರ್ತದೆ" ಹೇಳಿದ. ಇವುದೇ ತಲೆ ಆಡ್ಸಿಗೊಂಡು ಬಂದವು!

ಶಾಕ್ ಅಬ್ಸಾರ್ಬರು ಹಾಳಪ್ಪಲೇ ಇಲ್ಲೆ ಹೇಳಿ ಆನು ಹೇಳ್ತಿಲ್ಲೆ. ಹಾಳಾದರೆ ಅದಕ್ಕೆ ಗುರ್ತ ಇದ್ದು. ಮೈಲಿ ಎಣ್ಣೆ ಒಸರುಗು. ಮೂಲೆ ಒತ್ತಿ ಬಿಟ್ಟರೆ ಕಾರು ಒಂದರಿ ಮೇಲೆ ಬಂದು ನಿಲ್ಲದ್ದೆ ಎರಡು ಮೂರು ಸರ್ತಿ ತೂಗುಗು. ಟಯರು ಅಲ್ಲಲ್ಲಿ ಗುಳಿ ಬಿದ್ದ ಹಾಂಗೆ ಸವೆಗು. ಎಂಗಳ ಕಾರಿಲ್ಲಿ ಇದರಲ್ಲಿ ಒಂದೂ ಇತ್ತಿಲ್ಲೆ. ತೆಗದ ಹಳೆ ಸಾಮಾನಿನ "ಎಲ್ಲಿ, ತೋರ್ಸು" ಹೇಳಿ ಇವು ಕೇಳಿದ್ದವಿಲ್ಲೆ. ಇನ್ನು ಎಲೈನ್‌ಮೆಂಟು ಹೇಳಿರೆ ಚಕ್ರದ ಓರೆಯ ಸರ್ತ ಮಾಡುದು. ಸಡ್ಲ ಆದ ಜಾಯಿಂಟಿನ ಹಾಂಗೇ ಮಡಿಕ್ಕೊಂಡು ಅದರ ಮಾಡ್ಸಿರೆ ನಿಂಗಾ?

ತಮ್ಮನ ಮಗ ಡಿಪ್ಲೊಮಾ ಕಲಿವ ಮಾಣಿ, ರಜೆಲಿ ಬಂದಿತ್ತಿದ್ದ. "ಅತ್ತೆ, ಸದ್ದು ಏವಗ ಬಪ್ಪದು?" ಹೇಳಿ ಕೇಳಿದ. ಅಷ್ಟು ಸರ್ತಿ ಗೇರೇಜಿಂಗೆ ಹೋದರೂ ಈ ಪ್ರಶ್ನೆಯ ಆರೂ ಕೇಳಿದ್ದವಿಲ್ಲೆ. ಎನಗೆ ಉತ್ತರ ಗೊಂತಿತ್ತು: ಮೆಲ್ಲಂಗೆ ಹೊಂಡಕ್ಕೆ ಇಳಿವಗ ಟಕ್, ಜಾಲಿಲ್ಲಿ ಸ್ಟೇರಿಂಗು ತಿರುಗುಸುವಗ ಕಿರ್ರ್.

ಕಾರಿನ ಸಿಮೆಂಟಿನ ಗಟ್ಟಿ ನೆಲಕ್ಕೆ ತಂದ. ಹಿಂದಾಣ ಚಕ್ರಕ್ಕೆ ಕಲ್ಲು ಮಡಗಿ, ಎಡತ್ತು ಚಕ್ರವ ಜಾಕಿಲಿ ನೆಗ್ಗಿ, ಅಡಿಯಂಗೆ ಸ್ಟೇಂಡು ಕೊಟ್ಟ. (ಬರೀ ಜಾಕಿಯ ನಂಬಿ ಆರೂ ಕಾರಿನ ಅಡಿಯಂಗೆ ತಲೆ ಹಾಕ್ಲಾಗ, ಮಕ್ಕೊಗೂ ಹೇಳಿ.) ಚಕ್ರವ ಗಡಿಯಾರದ 12 ಮತ್ತೆ 6 ಇಪ್ಪ ಜಾಗೆಲಿ ಹಿಡುದು ಆಡ್ಸಿದ. ಟಕ್. ಎನ್ನ ಸದ್ದೇ! ಎನ್ನ ಒಳ ಕೂರ್ಸಿ ಬ್ರೇಕು ಮೆಟ್ಲೆ ಹೇಳಿ ಪುನಾ ಆಡ್ಸಿದ. ಬ್ರೇಕು ಮೆಟ್ಟಿಪ್ಪಗ ಅಲ್ಲಾಡುದು ನಿಂದರೆ ಚಕ್ರದ ಬೇರಿಂಗು, ನಿಲ್ಲದ್ರೆ ಬಾಲ್ ಜಾಯಿಂಟು. ನಿಂದಿದಿಲ್ಲೆ. 3 ಮತ್ತೆ 9ರಲ್ಲಿ ಹಿಡುದು ನೋಡುದು ಟೈ ರಾಡಿನ ತುದಿಗೆ, ಅದು ಗಟ್ಟಿ ಇತ್ತು.

ಬಾಲ್ ಜಾಯಿಂಟು ಹೇಳಿರೆ ಬಟ್ಲಿನ ಒಳ ಕೂದ ಕಬ್ಬಿಣದ ಉಂಡೆ. ಗ್ರೀಸು ಹೆರ ಹೋಗದ್ದ ಹಾಂಗೆ ರಬ್ಬರಿನ ಟೊಪ್ಪಿ ಇರ್ತು. ಟೊಪ್ಪಿ ಹರುದರೆ ಕೆಸರು ನೀರು ಒಳ ಹೋವುತ್ತು, ಗ್ರೀಸು ತೊಳದು ಹೋವುತ್ತು, ಉಂಡೆ ಸವೆತ್ತು. ಪೂರಾ ಸವದು ಕಳಚಿರೆ ಚಕ್ರ ಮಡ್ಚಿ ಬೀಳ್ತು, ಸ್ಟೇರಿಂಗು ಕೈಲಿದ್ದರೂ ಕಾರು ಮಾತು ಕೇಳ. ಆ ವಾರವೇ ಇದೇ ಕಾರಿಲ್ಲಿ ಸಂಪಾಜೆ ಘಾಟಿ ಹತ್ತಿ, ಮಗಳನ್ನೂ ಮೂರು ತಿಂಗಳ ಪುಳ್ಳಿಯನ್ನೂ ಮಡಿಕೇರಿಗೆ ಬಿಡ್ಲೆ ಹೋಪಲೆ ಇತ್ತು. ಆನು ಅಲ್ಲೇ ಮೆಟ್ಲಿಲ್ಲಿ ಕೂದುಬಿಟ್ಟೆ. ಇವು ಒಂದು ಮಾತೂ ಆಡಿದ್ದವಿಲ್ಲೆ, ಒಳ ಹೋಗಿ ನೀರು ಕುಡುದವು.

ಬೇರೆ ಗೇರೇಜಿಲ್ಲಿ ಆ ಆರ್ಮಿನ ಬದಲ್ಸಿದ್ದಕ್ಕೆ ಕೂಲಿ ಸೇರಿ 1,900. ಸದ್ದು ಇಲ್ಲೆ. ಅದರಿಂದ ಮತ್ತೆ ಮಾಡ್ಸಿದ ಎಲೈನ್‌ಮೆಂಟಿಂಗೆ ಮಾಂತ್ರ ಅರ್ಥ ಇತ್ತು.

ಗೇರೇಜಿನವರೆಲ್ಲ ಕಳ್ಳಂಗೊ ಹೇಳ್ತಿಲ್ಲೆ ಆನು. ಅವ ಬಲತ್ತಿಲ್ಲಿ ಕೂದು ಎರಡು ನಿಮಿಷ ಡಾಮರಿಲ್ಲಿ ಬಿಡ್ತ, ಅವಂಗೆ ಕೇಳ್ತಿಲ್ಲೆ. ನಮ್ಮ ಗೆಂಡಂದಿರು "ಎಂತದೋ ಸದ್ದು ಬತ್ತಡ" ಹೇಳ್ತವು. ಅದರಲ್ಲಿ ಅವ ಎಂತ ತಿಳಿಯೆಕ್ಕು? ತಪ್ಪು ನಮ್ಮದೂ ಇದ್ದು. ಕುಕ್ಕರು ಕೂಗುದು ತಡವಾದರೆ ಗೇಸ್ಕೆಟ್ಟೋ ವೈಟೋ ಹೇಳಿ ಜಗಲಿಲಿ ಕೂದೇ ಹೇಳುವ ಹೆಮ್ಮಕ್ಕೊ ನಾವು. ಕಾರು ಹತ್ತುವಗ ಆ ಕೆಮಿಯ ಮನೆಲೇ ಬಿಟ್ಟಿಕ್ಕಿ ಬಪ್ಪದೆಂತಕೆ?

ಗ್ಲಾಸು ಇಳುಸಿ, ಕಂಪೌಂಡು ಗೋಡೆಯ ಕರೆಲಿ ಮೆಲ್ಲಂಗೆ ಹೋಪಗ ಕೇಳಿ. ಗೋಡೆಗೆ ಬಡುದು ಸದ್ದು ಸ್ಪಷ್ಟ ಬತ್ತು. ಬ್ರೇಕು ಹಾಕುವಗ "ಧಬ್" ಹೇಳಿ ಕಾರು ಒಂದು ಹೊಡೆಂಗೆ ಎಳದರೆ ಆರ್ಮಿನ ರಬ್ಬರು ಬುಶ್ಶಿನ ಮೇಲೆ ಸಂಶಯ. ಸಣ್ಣ ಸಣ್ಣ ಕಲ್ಲಿಲ್ಲಿ ಟಕಟಕ ಹೇಳಿರೆ ಸ್ಟೆಬಿಲೈಸರಿನ ಲಿಂಕು ಆಗಿಕ್ಕು. ಹೊಸತ್ತು ಹಾಕ್ಸುವ ಮದಲು "ಅಲ್ಲಾಡುದರ ತೋರ್ಸು" ಹೇಳಿ, ಹಾಕಿದ ಮತ್ತೆ ಹಳತ್ತಿನ ಕೇಳಿ ತನ್ನಿ. ನೆಗೆ ಮಾಡಿರೆ ಮಾಡ್ಲಿ.

ಅತ್ತಿಗೆ, ನಿಂಗಳ ಕಾರು ಆದಿತ್ಯವಾರ ಎಂಗಳ ಜಾಲಿಲ್ಲಿ ತಿರುಗುವಗ "ಟಂಯ್" ಹೇಳಿತ್ತು. ಅದು ಸ್ಟ್ರಟ್ಟಿನ ಮೇಗಾಣ ಮೌಂಟು ಹೇಳಿ ಎನ್ನ ಅಂದಾಜಿ. ಅಣ್ಣಂಗೆ ಸ್ಟೇರಿಂಗು ತಿರುಗುಸುಲೆ ಹೇಳಿ, ನಿಂಗೊ ಬೋನೆಟು ತೆಗದು ಅದರ ತಲೆಲಿ ಕೈ ಮಡುಗಿ ನೋಡಿ. ಸ್ಪ್ರಿಂಗಿನ ಎಡಕ್ಕಿಲ್ಲಿ ಮಾಂತ್ರ ಬೆರಳು ಹಾಕೆಡಿ.