ವಿನಯ್ ಕುಮಾರ್‌ಗೆ ಸಿಗದ ಮುಂದಿನ ಪಂದ್ಯ

9 ಓವರ್, 102 ರನ್, 1 ವಿಕೆಟ್. ದಾವಣಗೆರೆಯ ಆರ್. ವಿನಯ್ ಕುಮಾರ್ ಹೆಸರೆತ್ತಿದರೆ ಇಂದಿಗೂ ಜನ ಮೊದಲು ಹೇಳುವುದು ಈ ಲೆಕ್ಕವನ್ನೇ. 2013ರ ನವೆಂಬರ್ 2ರಂದು, ತವರಿನ ಚಿನ್ನಸ್ವಾಮಿ ಅಂಗಳದಲ್ಲಿ, ಏಕದಿನ ಪಂದ್ಯವೊಂದರಲ್ಲಿ ನೂರು ರನ್ ಕೊಟ್ಟ ಮೊದಲ ಭಾರತೀಯ ಬೌಲರ್ ಎಂಬ ಹಣೆಪಟ್ಟಿ ಅವರಿಗೆ ಅಂಟಿತು. ಅಂದು ಎರಡೂ ತಂಡಗಳಿಂದ 38 ಸಿಕ್ಸರ್ ಸಿಡಿದಿದ್ದವು. ವೃತ್ತದ ಹೊರಗೆ ನಾಲ್ವರಿಗಿಂತ ಹೆಚ್ಚು ಫೀಲ್ಡರ್‌ಗಳನ್ನು ನಿಲ್ಲಿಸುವಂತಿರಲಿಲ್ಲ. ಪಂದ್ಯವನ್ನು ಭಾರತ 57 ರನ್ನಿಂದ ಗೆದ್ದಿತು, ಸರಣಿಯನ್ನೂ ಗೆದ್ದಿತು. ವಿನಯ್ ಮತ್ತೆಂದೂ ಭಾರತಕ್ಕೆ ಏಕದಿನ ಪಂದ್ಯ ಆಡಲಿಲ್ಲ.

ಎರಡು ವರ್ಷದ ನಂತರ, 2015ರ ಅಕ್ಟೋಬರ್ 25ರಂದು, ವಾಂಖೆಡೆಯಲ್ಲಿ ದಕ್ಷಿಣ ಆಫ್ರಿಕಾ ಎದುರು ಭುವನೇಶ್ವರ್ ಕುಮಾರ್ 10 ಓವರ್‌ಗಳಲ್ಲಿ 106 ರನ್ ಕೊಟ್ಟರು. ಅಷ್ಟರಲ್ಲಿ ಕೊನೆಯ ಹತ್ತು ಓವರ್‌ಗಳಿಗೆ ಐದನೇ ಫೀಲ್ಡರ್‌ನನ್ನು ಹೊರಗೆ ನಿಲ್ಲಿಸಲು ನಿಯಮ ಸಡಿಲವಾಗಿತ್ತು. ಭಾರತ ಆ ಪಂದ್ಯ ಸೋತದ್ದು 214 ರನ್ನಿಂದ, ಅದರೊಂದಿಗೆ ಸರಣಿಯೂ ಹೋಯಿತು. ಆದರೂ ಭುವನೇಶ್ವರ್ ಹೆಸರಿಗೆ ಆ ದಿನ ಅಂಟಿಕೊಳ್ಳಲಿಲ್ಲ. ಅವರು 2022ರವರೆಗೂ ಏಕದಿನ ತಂಡದಲ್ಲಿ ಆಡಿದರು. ಆಯ್ಕೆಗಾರರು ಅವರ ಮೇಲೆ ನಂಬಿಕೆ ಉಳಿಸಿಕೊಂಡರು, ಅದು ಸರಿಯಾದ ನಿರ್ಧಾರ. ಅದೇ ನಂಬಿಕೆ ವಿನಯ್‌ಗೆ ಸಲ್ಲಲಿಲ್ಲ ಎಂಬುದೇ ನಮ್ಮ ತಕರಾರು. ಕೆಟ್ಟ ದಿನ ಇಬ್ಬರಿಗೂ ಬಂದಿತ್ತು. ಅದನ್ನು ಅಳಿಸುವ ದಿನ ಸಿಕ್ಕಿದ್ದು ಒಬ್ಬರಿಗೆ ಮಾತ್ರ.

ವಿನಯ್ ಕೈಕಟ್ಟಿ ಕೂತವರಲ್ಲ. ಅದೇ ಋತುವಿನಲ್ಲಿ ನಾಯಕರಾಗಿ ಕರ್ನಾಟಕಕ್ಕೆ ರಣಜಿ ಟ್ರೋಫಿ ತಂದುಕೊಟ್ಟರು. 15 ವರ್ಷಗಳಿಂದ ರಾಜ್ಯ ಅದಕ್ಕಾಗಿ ಕಾದಿತ್ತು. ಮರುವರ್ಷ ವಾಂಖೆಡೆಯಲ್ಲಿ ಮತ್ತೆ ಫೈನಲ್. ತಮಿಳುನಾಡು 134ಕ್ಕೆ ಆಲೌಟ್. ವಿನಯ್ 34 ರನ್ನಿಗೆ 5 ವಿಕೆಟ್. ಬಳಿಕ ಬ್ಯಾಟ್ ಹಿಡಿದು ಅಜೇಯ 105. 2017ರ ಡಿಸೆಂಬರ್‌ನಲ್ಲಿ ನಾಗಪುರದಲ್ಲಿ ಮುಂಬೈ ವಿರುದ್ಧ ಹ್ಯಾಟ್ರಿಕ್. 2021ರಲ್ಲಿ ನಿವೃತ್ತರಾದಾಗ ಪ್ರಥಮ ದರ್ಜೆಯಲ್ಲಿ 504 ವಿಕೆಟ್. ಇವೆಲ್ಲ ಖಾಲಿ ಗ್ಯಾಲರಿಗಳ ಮುಂದೆ ನಡೆದವು. 102 ರನ್ ಹೋದದ್ದನ್ನು ದೇಶವೆಲ್ಲ ಟಿ.ವಿ.ಯಲ್ಲಿ ನೋಡಿತ್ತು.

ಘೋಣಸಗಿಯಿಂದ ಬಬಲೇಶ್ವರದವರೆಗೆ ನಮ್ಮ ಊರುಗಳ ಟೆನಿಸ್ ಬಾಲ್ ಪಂದ್ಯಗಳಲ್ಲೂ ಇದೇ ರೂಢಿ. ಕೊನೆಯ ಓವರ್‌ನಲ್ಲಿ ಪಂದ್ಯ ಕೈಬಿಟ್ಟ ಹುಡುಗನನ್ನು ಮುಂದಿನ ಪಂದ್ಯದಲ್ಲಿ ಬೌಂಡರಿ ಗೆರೆಗೆ ಅಟ್ಟಲಾಗುತ್ತದೆ, ಚೆಂಡು ಬೇರೆಯವನ ಕೈಸೇರುತ್ತದೆ. ಈ ಊರ ತಂಡಗಳ ನಾಯಕರು ವಿಜಯಪುರದ ರಾಜೇಶ್ವರಿ ಗಾಯಕವಾಡ್ ಅವರನ್ನು ನೆನೆಯಲಿ. 2017ರ ಮಹಿಳಾ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ಕಿತ್ತವರು ಅವರು. ಲಾರ್ಡ್ಸ್ ಫೈನಲ್‌ನಲ್ಲಿ ಕೊನೆಯ ವಿಕೆಟ್ಟಾಗಿ ಸೊನ್ನೆಗೆ ಬೌಲ್ಡ್ ಆದವರೂ ಅವರೇ. ಭಾರತ 9 ರನ್ನಿಂದ ಕಪ್ ಕಳೆದುಕೊಂಡಿತು. ಆದರೆ ಅವರನ್ನು ತಂಡದಿಂದ ಕೈಬಿಡಲಿಲ್ಲ. 2022ರ ವಿಶ್ವಕಪ್‌ನ ಮೊದಲ ಪಂದ್ಯದಲ್ಲೇ ಪಾಕಿಸ್ತಾನದ ವಿರುದ್ಧ ಅವರು 31 ರನ್ನಿಗೆ 4 ವಿಕೆಟ್ ತೆಗೆದು ತಂಡವನ್ನು ಗೆಲ್ಲಿಸಿದರು.