ಬಾಡಿಗೆ ಮನೆಯಲ್ಲಿ ಗಾಳಿ ಇದೆಯೇ?

ಕೆಮ್ಮು, ಉಬ್ಬಸ ಎಂದು ಮಕ್ಕಳನ್ನು ಕರೆತರುವ ತಾಯಂದಿರಿಗೆ ನಾನು ಮೊದಲು ಕೇಳುವುದು, 'ಮಗು ಮಲಗುವ ಕೋಣೆಗೆ ಕಿಟಕಿ ಇದೆಯೇನಮ್ಮಾ?' ಬೆಂಗಳೂರಿನ ಶಿವಾಜಿನಗರ, ಗೋರಿಪಾಳ್ಯದಂಥ ಕಡೆಗಳಿಂದ ಬರುವವರ ಉತ್ತರ ಹೆಚ್ಚಾಗಿ ಒಂದೇ: 'ಇದೆ ಡಾಕ್ಟ್ರೇ, ತೆರೆದರೆ ಪಕ್ಕದ ಮನೆಯ ಗೋಡೆ.'

ಬೇರೆ ಬಡಾವಣೆಗಳಲ್ಲಿ ಹೆಸರು ಕೇಳಿದೊಡನೆ 'ಮನೆ ಆಗಲೇ ಕೊಟ್ಟಾಯಿತು' ಎನ್ನುವವರಿದ್ದಾರೆ. ಅಲೆದು ಸೋತ ಕುಟುಂಬ ಕೊನೆಗೆ ನಮ್ಮವರದೇ ಗಲ್ಲಿಯಲ್ಲಿ ಸಿಕ್ಕಿದ ಮನೆಗೆ ಅಡ್ವಾನ್ಸ್ ಕೊಡುತ್ತದೆ. ಎರಡು ಬೆಡ್‌ರೂಮ್ ಇದೆಯೇ, ಮಸೀದಿ ಹತ್ತಿರವೇ, ನೀರು ಬರುತ್ತದೆಯೇ ಎಂದು ವಿಚಾರಿಸುತ್ತಾರೆ. ಗಾಳಿಯ ಮಾತೇ ಬರುವುದಿಲ್ಲ.

ಯುನಾನಿಯಲ್ಲಿ ಆರೋಗ್ಯಕ್ಕೆ ಅನಿವಾರ್ಯವೆಂದು ಹೇಳಿದ ಆರು ಸಂಗತಿಗಳಲ್ಲಿ ಮೊದಲನೆಯದು ಗಾಳಿ. ಅನ್ನ-ನೀರು ಅದರ ನಂತರ. ವಾಸಕ್ಕೆ ಸ್ಥಳ ಆರಿಸುವವರು ಅಲ್ಲಿನ ಮಣ್ಣು, ನೀರು, ಗಾಳಿಯನ್ನು ತಿಳಿಯಬೇಕು, ಬಿಸಿಲು ಮನೆಯೊಳಗೆ ಬರಬೇಕು ಎಂದು ಇಬ್ನ್ ಸೀನಾ 'ಅಲ್ ಖಾನೂನ್'ನಲ್ಲಿ ಸಾವಿರ ವರ್ಷಗಳ ಹಿಂದೆಯೇ ಬರೆದರು. ಕ್ಷಯದ ವಿಷಯದಲ್ಲಿ ಇಂದಿನ ವೈದ್ಯರು ಹೇಳುವುದೂ ಅದನ್ನೇ. ಗಾಳಿಯಾಡದ ಕೋಣೆಯಲ್ಲಿ ಒಬ್ಬರ ಕೆಮ್ಮು ಮನೆಮಂದಿಗೆಲ್ಲ ಅಂಟುವ ಅಪಾಯ ಹೆಚ್ಚು.

ನಮ್ಮ ಮನೆಗಳಲ್ಲಿ ಇನ್ನೊಂದು ವಿಷಯವಿದೆ. ಆರು ಜನ ದಿನಕ್ಕೆ ಐದು ಹೊತ್ತು ವುಝೂ ಮಾಡುವ ಬಚ್ಚಲಿಗೆ ಗಾಳಿಕಿಂಡಿ ಇಲ್ಲದಿದ್ದರೆ ಅದು ಒಣಗುವುದೇ ಇಲ್ಲ. ತೇವ ಗೋಡೆಗೆ ಏರುತ್ತದೆ, ಬೂಷ್ಟು ಹಿಡಿಯುತ್ತದೆ. ಉಬ್ಬಸದ ಮಕ್ಕಳಿಗೆ ಅದು ವಿಷ. ಮಾಲೀಕರು ಅದರ ಮೇಲೆ ಹೊಸ ಬಣ್ಣ ಬಳಿದು ತೋರಿಸುತ್ತಾರೆ. ಆದ್ದರಿಂದ ಮನೆ ನೋಡಲು ಮಗ್ರಿಬ್ ಆದ ಮೇಲೆ ಹೋಗಬೇಡಿ. ಬೆಳಿಗ್ಗೆ ಹತ್ತಕ್ಕೆ ಹೋಗಿ, ಲೈಟೆಲ್ಲ ಆರಿಸಿ ನಿಲ್ಲಿ. ಗೋಡೆಯ ಬುಡಕ್ಕೆ ಅಂಗೈ ಇಟ್ಟು ನೋಡಿ. ಗೋಡೆಬೀರು ತೆರೆದು ಮೂಸಿ. ದಲ್ಲಾಳಿ ನಕ್ಕರೆ ನಗಲಿ.

ಪರ್ದಾ ಕಾರಣಕ್ಕೆ ಕಿಟಕಿಗೆ ಪ್ಲೈವುಡ್ ಹೊಡೆಸಿದವರನ್ನೂ ಕಂಡಿದ್ದೇನೆ. ಕೆಳಗಿನ ಅರ್ಧಕ್ಕೆ ಬಟ್ಟೆ ಕಟ್ಟಿ, ಮೇಲಿನ ಅರ್ಧ ತೆರೆದಿಡಿ.

ಗಾಳಿಯಿಲ್ಲದ ಎರಡು ಬೆಡ್‌ರೂಮ್‌ಗಿಂತ ಮೂರನೇ ಮಹಡಿಯ ಬಿಸಿಲು ಬೀಳುವ ಒಂದು ಬೆಡ್‌ರೂಮ್ ಮೇಲು. ಹಾಲಿನಲ್ಲಿ ಹಾಸಿಗೆ ಹಾಸಿದರೆ ಮರ್ಯಾದೆ ಹೋಗುವುದಿಲ್ಲ. ವಯಸ್ಸಾದ ಅತ್ತೆ-ಮಾವ ಇದ್ದರೆ ಮೆಟ್ಟಿಲಿನ ಯೋಚನೆ ಬೇರೆ, ಒಪ್ಪುತ್ತೇನೆ.

ಬಾಡಿಗೆಗೆಂದು ಮನೆ ಕಟ್ಟುವ ನಮ್ಮ ಸಹೋದರರಿಗೂ ಒಂದು ಮಾತು. ಸೈಟಿನ ಅಂಚಿನವರೆಗೂ ಗೋಡೆ ಎಬ್ಬಿಸಿ ಇನ್ನೊಂದು ಕೋಣೆ ಗಿಟ್ಟಿಸುತ್ತೀರಿ. ಆ ಕೋಣೆಯ ಮಗು ನನ್ನ ಬೆಂಚಿನ ಮೇಲೆ ಕೂತು ಉಸಿರಿಗೆ ಒದ್ದಾಡುತ್ತದೆ. ಪಕ್ಕದವರ ಗೋಡೆಗೂ ನಿಮ್ಮದಕ್ಕೂ ಮಧ್ಯೆ ಮೂರಡಿ ಬಿಡಿ.