ವಿಮೆಯೆಂದರೆ ಪೊಲೀಸರಿಗೆ ತೋರಿಸುವ ಕಾಗದವೇ?

ವಾಹನ ವಿಮೆಯ ಬಗ್ಗೆ ನಮ್ಮ ಜನರಲ್ಲಿ ಬೇರೂರಿರುವ ಕಲ್ಪನೆ ಒಂದೇ. ಅದು ಪೊಲೀಸರು ಕೈ ಅಡ್ಡ ಹಿಡಿದಾಗ ತೋರಿಸಬೇಕಾದ ಕಾಗದ. ಆದ್ದರಿಂದಲೇ ಏಜೆಂಟರ ಮುಂದೆ ನಿಂತು ಕೇಳುವ ಪ್ರಶ್ನೆಯೂ ಒಂದೇ: "ಎಲ್ಲಕ್ಕಿಂತ ಕಡಿಮೆ ಯಾವುದಿದೆ?" ಕಾಗದ ಕೈಗೆ ಬಂದೊಡನೆ ಅದು ಸೀಟಿನ ಕೆಳಗೆ ಸೇರುತ್ತದೆ. ಅದರಲ್ಲಿ ಯಾರಿಗೆ ರಕ್ಷಣೆ ಇದೆ, ಯಾರಿಗೆ ಇಲ್ಲ ಎಂಬುದನ್ನು ಓದಿದವರು ವಿರಳ. ಇದನ್ನು ಕೇವಲ ಅಜ್ಞಾನವೆಂದು ಕರೆದು ಸುಮ್ಮನಾಗಲು ನನಗೆ ಮನಸ್ಸಿಲ್ಲ. ಏಕೆಂದರೆ ಈ ಅಲಕ್ಷ್ಯದ ಬೆಲೆಯನ್ನು ಮೊದಲು ತೆರುವವರು ವಾಹನದ ಒಡೆಯರಲ್ಲ, ಅದರಲ್ಲಿ ಕುಳಿತ ಬಡವರು.

ಕಂಪ್ಲಿಯ ಸುತ್ತಲಿನ ಗದ್ದೆಬಯಲನ್ನೇ ನೋಡಿರಿ. ವಿಜಯನಗರದ ಅರಸರ ಕಾಲದ ಕಾಲುವೆಗಳೂ ತುಂಗಭದ್ರಾ ಜಲಾಶಯದ ಕಾಲುವೆಗಳೂ ನೀರುಣಿಸುವ ಭತ್ತ, ಬಾಳೆ, ಕಬ್ಬಿನ ನೆಲವಿದು. ನಾಟಿಯ ದಿನಗಳಲ್ಲಿ ಕೂಲಿಯ ಹೆಣ್ಣುಮಕ್ಕಳು ಬುತ್ತಿ ಕಟ್ಟಿಕೊಂಡು, ಟ್ರ್ಯಾಕ್ಟರಿನ ಟ್ರೇಲರಿನಲ್ಲೋ ಸರಕು ಸಾಗಿಸುವ ಆಟೋದಲ್ಲೋ ಒತ್ತೊತ್ತಾಗಿ ನಿಂತು ಹೋಗುತ್ತಾರೆ. ಹುಲಿಗಿಯ ಜಾತ್ರೆಗೆ, ಸಂಡೂರಿನ ಕುಮಾರಸ್ವಾಮಿ ಬೆಟ್ಟಕ್ಕೆ, ಮದುವೆಯ ದಿಬ್ಬಣಕ್ಕೆ ಹೊರಟಾಗಲೂ ಅದೇ ಬಂಡಿ. "ವಿಮೆ ಕಟ್ಟಿದ್ದೇನಲ್ಲ" ಎಂದು ಒಡೆಯನು ನೆಮ್ಮದಿಯಾಗಿರುತ್ತಾನೆ. ವಿಮೆ ಇದೆ ನಿಜ. ಆದರೆ ಆ ಟ್ರೇಲರಿನಲ್ಲಿ ನಿಂತವರಿಗೆ ಅದು ಇಲ್ಲ.

ಕಾನೂನು ಈ ವಿಷಯದಲ್ಲಿ ನಿಷ್ಠುರವಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 146ನೆಯ ಕಲಮು ಪ್ರತಿ ವಾಹನಕ್ಕೂ ಮೂರನೆಯ ವ್ಯಕ್ತಿಯ ವಿಮೆಯನ್ನು ಕಡ್ಡಾಯಗೊಳಿಸಿದೆ. ದಾರಿಯಲ್ಲಿ ನಡೆಯುವವನಿಗೆ, ಎದುರಿನಿಂದ ಬರುವವನಿಗೆ ನಮ್ಮಿಂದ ಆಗುವ ಹಾನಿಗೆ ಈ ವಿಮೆ. ಸರಕು ವಾಹನದಲ್ಲಿ ಸರಕಿನ ಒಡೆಯನೋ ಅವನ ಪ್ರತಿನಿಧಿಯೋ ಇದ್ದರೆ ಅವರಿಗೂ ಇದು ಅನ್ವಯಿಸುತ್ತದೆ. ಆದರೆ ಅದೇ ವಾಹನದಲ್ಲಿ ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರ ವಿಷಯದಲ್ಲಿ ವಿಮಾ ಕಂಪನಿಗೆ ಹೊಣೆಯಿಲ್ಲವೆಂದು ಸುಪ್ರೀಂ ಕೋರ್ಟು 2002ರ ಡಿಸೆಂಬರಿನಲ್ಲಿ ಆಶಾ ರಾಣಿ ಪ್ರಕರಣದಲ್ಲಿ ತೀರ್ಪಿತ್ತಿತು. 2019ರ ತಿದ್ದುಪಡಿಯು ಈ ಹೊರಗಿಡುವಿಕೆಯನ್ನು ಕಾಯ್ದೆಯ ಪಠ್ಯದಲ್ಲೇ ಬರೆದಿಟ್ಟಿತು. ಚಾಲಕನ ಕೈಗೆ ಹತ್ತು ಇಪ್ಪತ್ತು ರೂಪಾಯಿ ಕೊಟ್ಟವರೂ ಅಧಿಕೃತ ಪ್ರಯಾಣಿಕರಾಗುವುದಿಲ್ಲ. ಸರಕು ವಾಹನವು ಬಾಡಿಗೆಗೆ ಜನರನ್ನು ಒಯ್ಯುವಂತಿಲ್ಲ.

ಟ್ರ್ಯಾಕ್ಟರಿನ ಸ್ಥಿತಿ ಇನ್ನೂ ಕಠಿಣ. ಬೇಸಾಯಕ್ಕೆಂದು ವಿಮೆ ಮಾಡಿಸಿದ ಟ್ರ್ಯಾಕ್ಟರು ಇಟ್ಟಿಗೆ, ಮರಳು, ಮಣ್ಣು ಹೊರುತ್ತದೆ. ಟ್ರ್ಯಾಕ್ಟರಿಗೆ ವಿಮೆ ಇದ್ದರೂ ಟ್ರೇಲರು ಪಾಲಿಸಿಯಲ್ಲಿ ಸೇರಿಯೇ ಇರುವುದಿಲ್ಲ. ಮಡ್‌ಗಾರ್ಡಿನ ಮೇಲೆ ಇಬ್ಬರು ಕುಳಿತಿರುತ್ತಾರೆ, ಆದರೆ ಆ ವಾಹನದಲ್ಲಿ ಚಾಲಕನ ಹೊರತು ಬೇರೆಯವರಿಗೆ ಆಸನವೇ ಇಲ್ಲ. ಬ್ರಿಜ್ ಮೋಹನ್ ಎಂಬ ಕೂಲಿಕಾರನ ಪ್ರಕರಣ 2007ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಟ್ರ್ಯಾಕ್ಟರನ್ನು ಬೇಸಾಯಕ್ಕೆ ಬಳಸಿರಲಿಲ್ಲವಾದ್ದರಿಂದ ಕಂಪನಿ ಹೊಣೆಯಲ್ಲವೆಂದೇ ನ್ಯಾಯಾಲಯ ಹೇಳಿತು. ಆದರೂ ಗಾಯಾಳುವಿನ ಬಡತನವನ್ನು ಕಂಡು, ಸಂವಿಧಾನದ 142ನೆಯ ವಿಧಿಯಡಿ ತನಗಿರುವ ವಿಶೇಷ ಅಧಿಕಾರವನ್ನು ಬಳಸಿ, ಕಂಪನಿ ಮೊದಲು ಹಣ ಕೊಟ್ಟು ಬಳಿಕ ಒಡೆಯನಿಂದ ವಸೂಲು ಮಾಡಿಕೊಳ್ಳಲಿ ಎಂದು ಆದೇಶಿಸಿತು. ದೆಹಲಿಯವರೆಗೆ ಹೋಗಿ ಅಂಥ ಕರುಣೆಯನ್ನು ಪಡೆಯುವ ಶಕ್ತಿ ನಾಟಿ ಕೂಲಿಯವರಲ್ಲಿ ಎಷ್ಟು ಮಂದಿಗಿದೆ?

"ವಸೂಲು" ಎಂಬ ಆ ಪದವನ್ನು ಒಡೆಯರು ಗಮನಿಸಬೇಕು. ಕಂಪನಿ ಹೊಣೆಯಿಂದ ಪಾರಾದರೆ ಪರಿಹಾರದ ಭಾರ ನೇರವಾಗಿ ವಾಹನದ ಒಡೆಯನ ಮೇಲೆ ಬೀಳುತ್ತದೆ. ಮೂರು ನಾಲ್ಕು ಎಕರೆಯ ರೈತನಿಗೆ ಅದರ ಅರ್ಥ ಹೊಲ ಮಾರುವುದು. ಮಾರಲು ಏನೂ ಇಲ್ಲದವನ ವಿರುದ್ಧ ನ್ಯಾಯಮಂಡಳಿಯ ಆದೇಶ ಹಿಡಿದುಕೊಂಡು, ಸತ್ತವಳ ಮಕ್ಕಳು ವರ್ಷಗಟ್ಟಲೆ ಅಲೆಯುತ್ತಾರೆ.

"ಬಸ್ಸಿಲ್ಲದ ಊರಿನಲ್ಲಿ ಕೂಲಿಯವರು ಹೇಗೆ ಹೋಗಬೇಕು?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ, ಉತ್ತರಿಸಬೇಕಾದುದು ಸಾರಿಗೆ ಸಂಸ್ಥೆ ಮತ್ತು ಜಿಲ್ಲಾಡಳಿತ. ಗದ್ದೆಯ ದಾರಿಗಳಿಗೆ ನಾಟಿಯ ಕಾಲದಲ್ಲಾದರೂ ಮುಂಜಾನೆಯ ಬಸ್ಸು ಬಿಡಲಾಗದು ಎಂಬುದನ್ನು ನಾನು ಒಪ್ಪುವುದಿಲ್ಲ. ಆದರೆ ಬಸ್ಸಿಲ್ಲ ಎಂಬುದು ಟ್ರೇಲರಿನಲ್ಲಿ ಮೂವತ್ತು ಜನರನ್ನು ತುಂಬಲು ಪರವಾನಗಿಯಲ್ಲ. ಗುತ್ತಿಗೆ ಹಿಡಿದ ಮೇಸ್ತ್ರಿಯು ತಲೆಗಿಷ್ಟು ಎಂದು ಲೆಕ್ಕ ಹಾಕುವಾಗ ಪ್ರಯಾಣಿಕರ ಪರವಾನಗಿಯುಳ್ಳ ವಾಹನದ ಬಾಡಿಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ವಾಹನದ ಜೊತೆಗೇ ದುಡಿಯುವ ಹಮಾಲರನ್ನು, ಕ್ಲೀನರನ್ನು ಅಲ್ಪ ಹೆಚ್ಚುವರಿ ಕಂತು ಕಟ್ಟಿ ಪಾಲಿಸಿಗೆ ಸೇರಿಸುವ ಅವಕಾಶವಂತೂ ಇದೆ. ಕೇಳಿ ಪಡೆಯುವವರು ಎಷ್ಟು ಜನ?

ಹಂಪಿ ನೋಡಲು ಬರುವವರನ್ನು ಬಿಳಿ ಫಲಕದ ಸ್ವಂತ ಕಾರಿನಲ್ಲಿ ಬಾಡಿಗೆಗೆ ಸುತ್ತಿಸುವವರೂ ಇದೇ ಸಾಲಿನವರು. ಸ್ವಂತ ಬಳಕೆಯ ಪಾಲಿಸಿ ಬಾಡಿಗೆಗೆ ಸಲ್ಲದು. ಅಪಘಾತದ ದಿನ ಕಂಪನಿ ಎತ್ತುವ ಮೊದಲ ತಕರಾರು ಅದೇ.

ಬೈಕಿನ ವಿಷಯ. ಕನಿಷ್ಠ ಪಾಲಿಸಿ ಮಾತ್ರ ಇದ್ದಾಗ ಹಿಂದೆ ಕುಳಿತ ಹೆಂಡತಿಗೆ ಅಥವಾ ಗೆಳೆಯನಿಗೆ ರಕ್ಷಣೆಯಿಲ್ಲವೆಂದು 2006ರ ತಿಲಕ್ ಸಿಂಗ್ ತೀರ್ಪು ಹೇಳುತ್ತದೆ. ಪ್ಯಾಕೇಜ್ ಪಾಲಿಸಿ ಇದ್ದರೆ ಅವರಿಗೂ ರಕ್ಷಣೆ ಇರುತ್ತದೆ. ಓಡಿಸುವ ಒಡೆಯನಿಗೆ 15 ಲಕ್ಷ ರೂಪಾಯಿಗಳ ವೈಯಕ್ತಿಕ ಅಪಘಾತ ವಿಮೆ 2018ರಿಂದ ಇದೆ, ಆದರೆ ನೋಂದಣಿ ಪತ್ರ ಅವನ ಹೆಸರಿನಲ್ಲಿರಬೇಕು, ಲೈಸೆನ್ಸ್ ಚಾಲ್ತಿಯಲ್ಲಿರಬೇಕು. ಹಳೆಯ ಬೈಕನ್ನು ಕೊಂಡು ವರ್ಷಗಟ್ಟಲೆ ಹೆಸರು ಬದಲಿಸದವರು ಇದನ್ನು ಕಳೆದುಕೊಳ್ಳುತ್ತಾರೆ. ಮಾರಿದವನಿಗೂ ಬಿಡುಗಡೆಯಿಲ್ಲ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಹೊಣೆ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಸ್ಪಷ್ಟಪಡಿಸಿದೆ.

ಸಂಡೂರಿನ ಅದಿರು ದಾರಿಗಳಲ್ಲಿ ಗುದ್ದಿ ಓಡಿಹೋದ ಲಾರಿಯ ನಂಬರು ಸಿಗದಿದ್ದರೆ ಎಲ್ಲವೂ ಮುಗಿಯಿತೆಂದು ಕೈಚೆಲ್ಲಬೇಕಿಲ್ಲ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಯೋಜನೆಯಂತೆ ಮರಣಕ್ಕೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ದೊರೆಯುತ್ತದೆ. ಇತರ ಪ್ರಕರಣಗಳಲ್ಲಿ ನ್ಯಾಯಮಂಡಳಿಗೆ ಅರ್ಜಿ ಹಾಕಲು ಆರು ತಿಂಗಳ ಮಿತಿಯನ್ನೂ ಅಂದಿನಿಂದಲೇ ವಿಧಿಸಲಾಗಿದೆ. ಈ ಮಿತಿಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆಯಾದರೂ, ಆ ಭರವಸೆಯಲ್ಲಿ ತಡಮಾಡುವುದು ಜಾಣತನವಲ್ಲ.

ಕೊನೆಯದಾಗಿ ಕಂಪನಿಗಳಿಗೂ ಏಜೆಂಟರಿಗೂ ಒಂದು ಮಾತು. ವಾಹನವನ್ನು ಯಾವುದಕ್ಕೆ ಬಳಸಬಹುದು, ಯಾವುದಕ್ಕೆ ಬಳಸಬಾರದು ಎಂಬ ಸಾಲುಗಳು ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿವೆ. ಕಂಪ್ಲಿಯ ರೈತನಿಂದ ಕನ್ನಡದಲ್ಲಿ ಮಾತನಾಡಿ ಹಣ ಪಡೆಯುವವರು, ಅವನ ಕೈಯಿಂದ ಹೊಲ ಹೋಗುವಂತೆ ಮಾಡಬಲ್ಲ ಆ ಷರತ್ತುಗಳನ್ನು ಮಾತ್ರ ಅವನಿಗೆ ತಿಳಿಯದ ಭಾಷೆಯಲ್ಲಿ ಇಟ್ಟಿರುವುದು ಮೋಸಕ್ಕೆ ಬಹಳ ಸಮೀಪದ ನಡತೆ. ಕನ್ನಡದಲ್ಲಿ ಅಚ್ಚು ಹಾಕಲಿ. ಅಲ್ಲಿಯವರೆಗೆ, ಆ ಸಾಲುಗಳನ್ನು ಕನ್ನಡದಲ್ಲಿ ಓದಿ ಹೇಳುವ ತನಕ ಕಂತಿನ ಹಣವನ್ನು ಕೈಬಿಡಬೇಡಿರಿ.